ನಾಯಿಯ ನೋಟ ಮತ್ತು ಪ್ರತಿಫಲ: ಗಮನ ಕಲಿಸುವ ಕ್ರಮದ ಒಂದು ವಿವೇಚನೆ

ನಾಯಿ ಸಾಕಿದವರು ಸಾಮಾನ್ಯವಾಗಿ ಮೊದಲು ಕಲಿಸಹೊರಡುವುದು ಕೂರುವುದನ್ನು, ಕೈ ಕೊಡುವುದನ್ನು. ಅದಕ್ಕೂ ಮುಂಚೆ ಕಲಿಸಬೇಕಾದ್ದು ಇನ್ನೊಂದಿದೆ: ಗದ್ದಲದ ನಡುವೆಯೂ ತನ್ನವರತ್ತ ತಿರುಗಿ ನೋಡುವುದು. ಈ ನೋಟವನ್ನು ಬೆದರಿಕೆಯಿಂದ ಗಳಿಸಲಾಗದು, ಪ್ರತಿಫಲದಿಂದಲೇ ಬೆಳೆಸಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಹಾಗೆ ನೋಡುವ ಒಲವು ನಾಯಿಗೆ ಹುಟ್ಟಿನಿಂದಲೇ ಇರುವಂತಿದೆ. ಬುಡಾಪೆಸ್ಟಿನ ಆಡಮ್ ಮಿಕ್ಲೋಶಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಡಿಸಲಾಗದ ಸಮಸ್ಯೆ ಎದುರಾದಾಗ ನಾಯಿಗಳು ಮನುಷ್ಯರ ಮುಖ ನೋಡಿದವು. ಮನುಷ್ಯರ ಕೈಯಲ್ಲೇ ಬೆಳೆದ ತೋಳಗಳು ಹಾಗೆ ನೋಡಿದ್ದು ತೀರಾ ಕಡಿಮೆ. ಆದ್ದರಿಂದ ತರಬೇತಿ ಹೊಸ ವರ್ತನೆಯನ್ನು ಸೃಷ್ಟಿಸಬೇಕಿಲ್ಲ. ಇರುವ ವರ್ತನೆ ಬೇಕಾದ ಹೊತ್ತಿನಲ್ಲಿ, ಬೇಕಾದಷ್ಟು ಕಾಲ ನಿಲ್ಲುವಂತೆ ಮಾಡಿದರೆ ಸಾಕು.

ತೃಪ್ತಿ ತಂದ ವರ್ತನೆ ಮರುಕಳಿಸುತ್ತದೆ ಎಂಬ, ಮನೋವಿಜ್ಞಾನಿ ಥಾರ್ನ್‌ಡೈಕ್‌ನ ಪರಿಣಾಮ ನಿಯಮವೇ ಇಲ್ಲಿನ ಅಡಿಪಾಯ. ಬಿ. ಎಫ್. ಸ್ಕಿನ್ನರ್ 1951ರ ಲೇಖನವೊಂದರಲ್ಲಿ ಇದನ್ನು ಮನೆಯ ನಾಯಿಗೆ ಅನ್ವಯಿಸುವ ಬಗೆಯನ್ನು ವಿವರಿಸಿದ: ಟಿಕ್ ಎನ್ನುವ ಸದ್ದನ್ನು ಮೊದಲು ಆಹಾರದೊಂದಿಗೆ ಬೆಸೆಯಬೇಕು, ಆಮೇಲೆ ಬೇಕಾದ ವರ್ತನೆ ನಡೆದ ಕ್ಷಣವೇ ಆ ಸದ್ದು ಮಾಡಬೇಕು. ಗಮನ ಕಲಿಸುವಾಗ ಹೆಸರು ಹಿಡಿದು ಕೂಗದೆ, ಸರಪಳಿ ಎಳೆಯದೆ ಕಾಯಬೇಕು. ನಾಯಿ ತಾನಾಗಿ ಕಣ್ಣೆತ್ತಿದ ಕೂಡಲೇ ಸದ್ದು, ಬೆನ್ನಿಗೇ ತಿನಿಸು. ವಿಯೆನ್ನಾದ ಸಂಶೋಧಕರು 145 ಬಾರ್ಡರ್ ಕೋಲಿ ನಾಯಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕ್ರಮವಿತ್ತು. ತಿನಿಸನ್ನು ಮಾತ್ರ ನೆಲಕ್ಕೆ ಎಸೆಯುತ್ತಿದ್ದರು. ಈ ಎಸೆತವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ತಿನಿಸು ಹುಡುಕಲು ಮುಖ ತಿರುಗಿಸಿದ ನಾಯಿ ಮತ್ತೆ ಕಣ್ಣಿಗೆ ಕಣ್ಣು ಸೇರಿಸಬೇಕಾದರೆ ಅದು ತನ್ನದೇ ನಿರ್ಧಾರದಿಂದ ಮರಳಬೇಕು; ಕೈಯಲ್ಲಿನ ತುಂಡನ್ನೇ ದಿಟ್ಟಿಸುವ ನಾಯಿ ಕಲಿಯುವುದು ಕೈಯನ್ನು ನೋಡಲು ಮಾತ್ರ. ಈ ಪರೀಕ್ಷೆಯಲ್ಲಿ ಅತಿ ಬೇಗ ಸುಧಾರಿಸಿದವು ಒಂದರಿಂದ ಎರಡು ವರ್ಷದ, ಅಂದರೆ ಹರೆಯದ ನಾಯಿಗಳು. ಮಾತು ಕೇಳುವುದಿಲ್ಲವೆಂದು ಜನ ಕೈಚೆಲ್ಲುವುದೂ ಈ ವಯಸ್ಸಿನಲ್ಲೇ ಎಂಬುದು ದುಃಖದ ಸಂಗತಿ.

ಸದ್ದಿನ ಸಾಧನ ಅನಿವಾರ್ಯವಲ್ಲ. ಇಟಲಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಕ್ಲಿಕ್ಕರ್, ಮೆಚ್ಚುಗೆಯ ಮಾತು, ಬರಿಯ ತಿನಿಸು ಈ ಮೂರರ ನಡುವೆ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ದಂಡನೆಯ ಪ್ರಶ್ನೆ ಇಷ್ಟು ಸರಳವಲ್ಲ. ಫ್ರಾನ್ಸಿನ ಎರಡು ತರಬೇತಿ ಶಾಲೆಗಳನ್ನು ಹೋಲಿಸಿದ 2014ರ ಅಧ್ಯಯನದಲ್ಲಿ ಪ್ರತಿಫಲ ಪಡೆದ ನಾಯಿಗಳು ಒಡೆಯರನ್ನು ಹೆಚ್ಚು ನೋಡಿದವು. ಒತ್ತಡ ಹೇರಿ ಕಲಿಸಿದ ನಾಯಿಗಳು ಮೈ ತಗ್ಗಿಸಿದವು. ಪೋರ್ಚುಗಲ್ಲಿನ 92 ನಾಯಿಗಳ 2020ರ ಅಧ್ಯಯನದಲ್ಲಿ, ದಂಡನೆ ಹೆಚ್ಚಿದ್ದ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿತ್ತು. ಶಾಲೆಯನ್ನು ಆರಿಸಿಕೊಂಡವರು ಒಡೆಯರೇ ಆದ್ದರಿಂದ ಕಾರಣ ಅವರ ಸ್ವಭಾವವೂ ಇರಬಹುದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬ್ರಿಟನ್ನಿನಲ್ಲಿ 63 ನಾಯಿಗಳನ್ನು ಮೂರು ಗುಂಪುಗಳಿಗೆ ಹಂಚಿ ನಡೆಸಿದ ಪ್ರಯೋಗದಲ್ಲೂ ವಿದ್ಯುತ್ ಕೊರಳಪಟ್ಟಿ ಪ್ರತಿಫಲದ ಕ್ರಮಕ್ಕಿಂತ ಮೇಲೆನಿಸಲಿಲ್ಲ. ಹೆದರಿದ ನಾಯಿ ಏಟು ಬರುವ ದಿಕ್ಕನ್ನು ಕಾಯುತ್ತದೆ. ಅದನ್ನು ಗಮನವೆಂದು ಕರೆಯಲು ನಾನು ಒಪ್ಪಲಾರೆ.

ನಮ್ಮ ಮುಧೋಳ ನಾಯಿ ಈ ವಾದಕ್ಕೆ ಕಠಿಣ ಪರೀಕ್ಷೆ. ಅದು ಕಣ್ಣಿನಿಂದ ಬೇಟೆಯಾಡುವ ತಳಿ; ದೂರದಲ್ಲಿ ಮೊಲ ಓಡಿದರೆ ಕೈಯಲ್ಲಿನ ಮಾಂಸದ ತುಂಡು ಅದಕ್ಕೆ ಕಾಣುವುದೇ ಇಲ್ಲ. ಹೆಚ್ಚು ಇಷ್ಟದ ವರ್ತನೆಯೇ ಕಡಿಮೆ ಇಷ್ಟದ ವರ್ತನೆಗೆ ಪ್ರತಿಫಲವಾಗಬಲ್ಲದು ಎಂದು ಡೇವಿಡ್ ಪ್ರೀಮ್ಯಾಕ್ 1959ರಲ್ಲಿ ತೋರಿಸಿದ. ಆ ಪ್ರಕಾರ, ಬೇಲಿ ಹಾಕಿದ ಬಯಲಿನಲ್ಲಿ ಒಮ್ಮೆ ತಿರುಗಿ ನೋಡಿದ ಮುಧೋಳಕ್ಕೆ ಕೊಡಬೇಕಾದ ಬಹುಮಾನ ಓಟವೇ. ಇದನ್ನು ವಿಯೆನ್ನಾದ ಮಾದರಿಯಲ್ಲಿ ಅಳೆದು ನೋಡಲು ಮುಧೋಳದ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕಿಂತ ತಕ್ಕ ತಾಣ ಬೇರೊಂದಿಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಯುವ ಸಂಶೋಧಕರು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.