ಮಾಥಾಡಿ: ಒಂದು ಪದ, ಒಂದು ಕಾಯಿದೆ

ಮುಂಬಯಿಯ ಸಗಟು ಪೇಟೆಗಳಲ್ಲಿ ರೂಢಿಯಲ್ಲಿರುವ ‘ಮಾಥಾಡಿ’ ಎಂಬ ಮರಾಠಿ ಪದ ತಲೆ ಎಂಬರ್ಥದ ‘ಮಾಥಾ’ದಿಂದ ಬಂದದ್ದು, ತಲೆಯ ಮೇಲೆ ಹೊರೆ ಹೊರುವವನು ಎಂದು ಅದರ ಅರ್ಥ. ಜೊತೆಯಲ್ಲಿ ಬರುವ ‘ಹಮಾಲ’ ಅರಬ್ಬೀ ಮೂಲದ್ದು, ಕನ್ನಡಕ್ಕೂ ಪರಿಚಿತವಾದದ್ದು. ವಚನಸಾಹಿತ್ಯದ ಅಭ್ಯಾಸಿಗಳಾದ ನಮಗೆ, ಸೌದೆಹೊರೆಯಿಂದಲೇ ಹೆಸರಾದ ಮೋಳಿಗೆಯ ಮಾರಯ್ಯ ಇಲ್ಲಿ ನೆನಪಾಗುವುದು ಸಹಜ. ಆದರೆ ಆತ ಮಾರಿದ್ದು ತನ್ನದೇ ಹೊರೆಯನ್ನು. ಮಾಥಾಡಿ ಹೊರುವುದು ಪರರ ಹೊರೆಯನ್ನು. ಆ ಪರರು ಯಾರೆಂಬುದೇ ಕಾನೂನಿಗೆ ತೊಡಕಾದ ಪ್ರಶ್ನೆ.

ಬೆಳಿಗ್ಗೆ ಒಬ್ಬ ವರ್ತಕನ ಮೂಟೆ, ಮಧ್ಯಾಹ್ನ ಇನ್ನೊಬ್ಬನದು. ಕೂಲಿ ಮೂಟೆಯ ಲೆಕ್ಕದಲ್ಲಿ, ಟೋಳಿಯ ಮುಖಂಡನ ಮೂಲಕ. 1948ರ ಕಾರ್ಖಾನೆಗಳ ಕಾಯಿದೆಯಂಥವು ನಿಶ್ಚಿತವಾದ ಒಂದು ಕೆಲಸದ ನೆಲೆಯನ್ನು ಕಲ್ಪಿಸಿಕೊಂಡು ರಚಿತವಾದುದರಿಂದ ಈ ಜನ ಅವುಗಳ ಕಕ್ಷೆಗೆ ಬರಲಿಲ್ಲ. ಅದೇ ವರ್ಷದ ಬಂದರು ಕೆಲಸಗಾರರ ಕಾಯಿದೆ ಮಾತ್ರ ಬೇರೆಯ ಹಾದಿಯೊಂದನ್ನು ತೋರಿಸಿತ್ತು. ಅಣ್ಣಾಸಾಹೇಬ ಪಾಟೀಲರು ಕಟ್ಟಿದ ಸಂಘಟನೆಯ ಒತ್ತಾಯದ ಹಿನ್ನೆಲೆಯಲ್ಲಿ ಮಹಾರಾಷ್ಟ್ರ 1969ರಲ್ಲಿ ಮಾಥಾಡಿ, ಹಮಾಲ ಮತ್ತಿತರ ಶ್ರಮಿಕರ ಕಾಯಿದೆಯನ್ನು ತಂದಾಗ ಅನುಸರಿಸಿದ್ದು ಈ ಹಾದಿಯನ್ನೇ. ಕೆಲಸಗಾರರು, ವರ್ತಕರು, ಸರಕಾರ ಈ ಮೂವರ ಪ್ರತಿನಿಧಿಗಳಿರುವ ಮಂಡಳಿಯಲ್ಲಿ ಕೆಲಸಗಾರನೂ ವರ್ತಕನೂ ನೋಂದಾಯಿಸಿಕೊಳ್ಳಬೇಕು. ವರ್ತಕನು ಕೂಲಿಯನ್ನೂ ಅದರ ಮೇಲೆ ನಿಗದಿಯಾದ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ. ಕೂಲಿ ಮಂಡಳಿಯಿಂದ ಕೆಲಸಗಾರನಿಗೆ ಸಲ್ಲುತ್ತದೆ. ಭವಿಷ್ಯನಿಧಿ, ಗ್ರ್ಯಾಚುಯಿಟಿ, ರಜೆಯ ಸಂಬಳ ಲೆವಿಯಿಂದ ಹುಟ್ಟುತ್ತವೆ. ಮಾಲೀಕರು ಎಷ್ಟು ಸಲ ಬದಲಾದರೂ ಹಕ್ಕು ಕೆಲಸಗಾರನ ಬೆನ್ನು ಬಿಡುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಕಾಯಿದೆಯ ಸತ್ತ್ವವಿರುವುದು ಇಲ್ಲಿ. ‘ಅನೌಪಚಾರಿಕ’ ದುಡಿಮೆ ಎಂಬ ಪರಿಭಾಷೆಗೆ ಚಾಲನೆ ಕೊಟ್ಟ, ಘಾನಾ ದೇಶವನ್ನು ಕುರಿತ ಕೀತ್ ಹಾರ್ಟ್ ಅವರ ಲೇಖನ ಅಚ್ಚಾದದ್ದು 1973ರಲ್ಲಿ ಎಂಬುದನ್ನು ಗಮನಿಸಿದರೆ, ಪೇಟೆಯ ಅನುಭವ ವಿದ್ವಾಂಸರಿಗಿಂತ ಮುಂದಿತ್ತೆನ್ನಬೇಕಾಗುತ್ತದೆ.

ಕೇರಳ 1978ರಲ್ಲಿ ತಲೆಹೊರೆಯವರಿಗೆ, ಮಹಾರಾಷ್ಟ್ರವೇ 1981ರಲ್ಲಿ ಖಾಸಗಿ ಕಾವಲುಗಾರರಿಗೆ ಇಂಥ ಕಾಯಿದೆಗಳನ್ನು ಮಾಡಿದವು. 2008ರ ಕೇಂದ್ರದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯಿದೆ ಮಾತ್ರ ಸರಕಾರದ ಯೋಜನೆಗಳನ್ನು ನೆಚ್ಚಿತೇ ಹೊರತು, ದುಡಿಸಿಕೊಳ್ಳುವವರೆಲ್ಲರ ಮೇಲೆ ಇಂಥ ಲೆವಿಯ ಹೊಣೆ ಹೊರಿಸಲಿಲ್ಲ. ಇದನ್ನು ನಾವು ಹಿನ್ನಡೆಯೆಂದೇ ಎಣಿಸುತ್ತೇವೆ.

ಮೊಬೈಲಿನ ಆಣತಿಯಂತೆ ಊಟ, ಸರಕು ತಲುಪಿಸುವವರಿಗಾಗಿ ಕರ್ನಾಟಕ 2025ರಲ್ಲಿ ಮಾಡಿದ ಕಾನೂನಿನಲ್ಲಿ ಮಂಡಳಿ, ನೋಂದಣಿ, ಲೆವಿ ಮೂರೂ ಮರಳಿ ಬಂದಿವೆ. ಪ್ರತಿ ಕೆಲಸಕ್ಕೆ ಸಲ್ಲುವ ಹಣದ ಶೇ. 1ರಿಂದ 5ರವರೆಗಿನ ಶುಲ್ಕವನ್ನು ಕಂಪನಿ ಕಲ್ಯಾಣನಿಧಿಗೆ ಕಟ್ಟಬೇಕು. ಕೂಲಿ ಮಾತ್ರ ಮಂಡಳಿಯ ಕೈಯಿಂದ ಬರುವುದಿಲ್ಲ. ಅದರ ದರವನ್ನು ಗೊತ್ತುಮಾಡುವುದು ಕಂಪನಿಯೇ.