ಸ್ತಂಭಾಲೇಖ: ಆರ್ ಭಾಷೆಯಲ್ಲಿ ಅದರ ಪರಿಷ್ಕಾರದ ಇತಿಹಾಸ

ಸ್ತಂಭಾಲೇಖವೆಂಬುದು ಬೇರೆಬೇರೆ ವರ್ಗಗಳ ಪರಿಮಾಣಗಳನ್ನು, ಒಂದೇ ಆಧಾರರೇಖೆಯಿಂದ ಹೊರಡುವ ಸಮಾನ ಅಗಲದ ಆಯತಗಳ ಉದ್ದದಿಂದ ತೋರಿಸುವ ಸಂಖ್ಯಾಶಾಸ್ತ್ರೀಯ ಚಿತ್ರ. ಶಾಲೆಯ ಮಕ್ಕಳು ಗ್ರಾಫ್ ಹಾಳೆಯ ಚೌಕಗಳನ್ನೆಣಿಸಿ ಬಣ್ಣ ತುಂಬುವ ಈ ಚಿತ್ರವನ್ನು, ಸಂಖ್ಯಾಶಾಸ್ತ್ರಕ್ಕೆಂದೇ ರಚಿತವಾದ ಆರ್ ಎಂಬ ಗಣಕಭಾಷೆಯು ಒಂದೇ ಆಜ್ಞೆಗೆ ಬರೆದುಕೊಡುತ್ತದೆ. ಆದರೆ ಹಾಗೆ ತಾನಾಗಿ ಒದಗಿದ ಚಿತ್ರವು ಚಿತ್ರದುರ್ಗ ಜಿಲ್ಲೆಯ ರಾಮಗಿರಿ ಹೋಬಳಿಯ ಮಳೆಯ ಲೆಕ್ಕವನ್ನು ಅಲ್ಲಿಯ ರೈತನಿಗೆ ಓದಿಸಬಲ್ಲುದಾಗಬೇಕಾದರೆ, ಅದರ ದಿಕ್ಕು, ಕ್ರಮ, ಆಧಾರ, ಅಕ್ಷರ ಇವುಗಳೆಲ್ಲವನ್ನೂ ತಿದ್ದಬೇಕಾಗುತ್ತದೆ. ಈ ತಿದ್ದುವಿಕೆ ಗಣಕಯುಗದ ಹೊಸ ಚಪಲವಲ್ಲ. ಸ್ತಂಭಾಲೇಖದ ಜೊತೆಯಲ್ಲಿಯೇ ಹುಟ್ಟಿದ್ದು.

ಉಗಮ

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ (1759–1823) 1786ರಲ್ಲಿ ಪ್ರಕಟಿಸಿದ ವಾಣಿಜ್ಯ ಮತ್ತು ರಾಜಕೀಯ ಅಟ್ಲಾಸಿನಲ್ಲಿ ಬಹುಪಾಲು ಚಿತ್ರಗಳು ವರ್ಷದಿಂದ ವರ್ಷಕ್ಕೆ ಏರಿಳಿಯುವ ರೇಖೆಗಳಾಗಿದ್ದವು. ಸ್ಕಾಟ್ಲೆಂಡಿನ ವ್ಯಾಪಾರದ ವಿಷಯದಲ್ಲಿ ಮಾತ್ರ ಅವನಿಗೆ 1780ರ ಕ್ರಿಸ್‌ಮಸ್ಸಿನಿಂದ 1781ರ ಕ್ರಿಸ್‌ಮಸ್ಸಿನವರೆಗಿನ ಒಂದೇ ವರ್ಷದ ಲೆಕ್ಕ ದೊರೆತಿದ್ದಿತು. ಒಂದು ವರ್ಷದ ಅಂಕಿಗಳಿಂದ ರೇಖೆ ಎಳೆಯಲು ಬಾರದು. ಆದಕಾರಣ 17 ನಾಡುಗಳೊಡನೆ ನಡೆದ ಆಮದು ರಫ್ತುಗಳನ್ನು ಅಡ್ಡಪಟ್ಟಿಗಳ ಜೋಡಿಗಳನ್ನಾಗಿ ಮಾಡಿ, ರಫ್ತಿಗೆ ಕಪ್ಪನ್ನೂ ಆಮದಿಗೆ ಗೀರುಗಳನ್ನೂ ತುಂಬಿ ತೋರಿಸಿದನು. ಕಾಲದ ಆಯಾಮವಿಲ್ಲದ ಈ ಚಿತ್ರ ಮಿಕ್ಕವುಗಳಿಗಿಂತ ಕಡಿಮೆ ಪ್ರಯೋಜನದ್ದೆಂದು ಅವನೇ ಭಾವಿಸಿದ್ದನು. ಹೀಗೆ ಕೊರತೆಯ ವರ್ಷದಲ್ಲಿ ಕೈಗೆ ಬಂದ ಬೆಳೆಯೇ ಮುಂದೆ ಲೋಕಕ್ಕೆಲ್ಲ ಬಿತ್ತನೆಯ ಬೀಜವಾಯಿತು. ಶ್ರೀರಂಗಪಟ್ಟಣದ ಪತನವಾದ ಎರಡು ವರ್ಷಗಳ ಅನಂತರ, 1801ರಲ್ಲಿ, ಅವನು ಹೊರತಂದ ಇನ್ನೊಂದು ಸಂಖ್ಯಾಸಂಗ್ರಹದಲ್ಲಿ ಯೂರೋಪಿನ ರಾಜ್ಯಗಳ ಜೊತೆಗೆ ಹಿಂದೂಸ್ತಾನದ ಆಳುವ ಶಕ್ತಿಗಳ ವಿವರವೂ ಸೇರಿತು.

ಎಸ್ ಮತ್ತು ಆರ್

1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತವರ ಸಹೋದ್ಯೋಗಿಗಳು ಎಸ್ ಎಂಬ ಭಾಷೆಯನ್ನು ರೂಪಿಸತೊಡಗಿದರು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಅದೇ ಮಾದರಿಯಲ್ಲಿ ಕಟ್ಟಿದ ಭಾಷೆ, ಇಬ್ಬರ ಹೆಸರಿನ ಮೊದಲಕ್ಷರದಿಂದ ಆರ್ ಎನಿಸಿ, 1995ರಲ್ಲಿ ಎಲ್ಲರಿಗೂ ಮುಕ್ತವಾಯಿತು, ಅದರ 1.0.0 ಆವೃತ್ತಿ ಹೊರಬಿದ್ದುದು 2000ದ ಫೆಬ್ರವರಿ 29ರಂದು. ತರುವಾಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ದೀಪಾಯನ ಸರ್ಕಾರರ ಲ್ಯಾಟಿಸ್ ಮತ್ತು ಹ್ಯಾಡ್ಲಿ ವಿಕ್‌ಹ್ಯಾಮರ ಜಿಜಿಪ್ಲಾಟ್‌2 (2007) ಎಂಬ ಕಟ್ಟುಗಳು ಚಿತ್ರರಚನೆಗೆ ಬೇರೆ ದಾರಿಗಳನ್ನು ತೆರೆದವಾದರೂ, ಮೂಲಭಾಷೆಯೊಡನೆ ಬರುವ ‘ಬಾರ್‌ಪ್ಲಾಟ್’ ಆಜ್ಞೆಯು ಇಂದಿಗೂ ಕಲಿಯುವವರ ಮೊದಲ ಮೆಟ್ಟಿಲಾಗಿದೆ.

ಪರಿಷ್ಕಾರದ ಬಗೆಗಳು

ಪ್ಲೇಫೇರನ ಫಲಕವನ್ನೇ ಈ ಆಜ್ಞೆಯಿಂದ ಮರಳಿ ಬರೆಯಹೊರಟರೆ ತಾನಾಗಿ ಒದಗುವ ರೂಪ ಸಾಲದು. ಪಟ್ಟಿಗಳನ್ನು ಅಡ್ಡಹಾಕಲು ‘ಹಾರಿಜ್’, ಆಮದು ರಫ್ತುಗಳನ್ನು ಒಂದರ ಮೇಲೊಂದು ಪೇರದೆ ಮಗ್ಗುಲಲ್ಲಿರಿಸಲು ‘ಬಿಸೈಡ್’, ಗೀರುಗಳ ದಟ್ಟಣೆಗೂ ಓರೆಗೂ ‘ಡೆನ್ಸಿಟಿ’ ಮತ್ತು ‘ಆಂಗಲ್’ ಎಂಬ ನಿಯತಾಂಕಗಳು ಬೇಕಾಗುತ್ತವೆ. ಎಂದರೆ ಮೊತ್ತಮೊದಲ ಸ್ತಂಭಾಲೇಖವೇ ನಾಲ್ಕು ಬಗೆಯ ಪರಿಷ್ಕಾರವನ್ನು ಪಡೆದದ್ದಾಗಿತ್ತು.

ಸ್ತಂಭಗಳ ಸ್ಥಾನದಲ್ಲಿಯೂ ಒಂದು ಸೂಕ್ಷ್ಮವುಂಟು. ಪ್ರತಿಯೊಂದು ಸ್ತಂಭದ ಅಗಲ 1, ಅದರ ಹಿಂದಿನ ತೆರಪು 0.2 ಎಂದು ಭಾಷೆ ತಾನೇ ಗ್ರಹಿಸುವುದರಿಂದ, ಮೊದಲನೆಯದರ ಮಧ್ಯಬಿಂದು 0.7, ಎರಡನೆಯದರದು 1.9, ಹೀಗೆ ಸಾಗುತ್ತದೆ. ಇದನ್ನರಿಯದವನು ವರ್ಣಮಾಲೆಯ ಕ್ರಮದಲ್ಲಿ ನಿಲ್ಲಿಸಿದ ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳ ಅಂಕಿಗಳನ್ನು 1ರಿಂದ 6ರವರೆಗಿನ ಸ್ಥಾನಗಳಲ್ಲಿ ಬರೆದನಾದರೆ, ಕೊನೆಯದಾದ ಹೊಳಲ್ಕೆರೆಯ ಅಂಕಿಯು ಐದನೆಯದಾದ ಹೊಸದುರ್ಗದ ಸ್ತಂಭದ ಅಂಚಿಗೆ ಹೋಗಿ ಕೂಡುತ್ತದೆ. ಆಜ್ಞೆಯು ಹಿಂದಿರುಗಿಸುವ ಮಧ್ಯಬಿಂದುಗಳನ್ನೇ ಹಿಡಿದಿಟ್ಟುಕೊಂಡು ಬರೆಯುವುದು ಇದಕ್ಕೆ ಪರಿಹಾರ. ಹೆಸರುಗಳು ಒತ್ತೊತ್ತಾಗಿ ಬಂದಾಗ ಭಾಷೆ ಕೆಲವನ್ನು ಸದ್ದಿಲ್ಲದೆ ಬಿಟ್ಟುಬಿಡುವುದರಿಂದ, ಸ್ತಂಭಗಳನ್ನು ಅಡ್ಡಮಲಗಿಸಿ, ‘ಲಾಸ್’ನಿಂದ ಹೆಸರುಗಳನ್ನು ಓದುವ ದಿಕ್ಕಿಗೆ ತಿರುಗಿಸಿ, ‘ಮಾರ್’ನಿಂದ ಎಡದ ಅಂಚನ್ನು ಹಿಗ್ಗಿಸುವುದು ವಾಡಿಕೆ.

ಆಧಾರರೇಖೆಯ ಪ್ರಶ್ನೆ ಇವೆಲ್ಲಕ್ಕಿಂತ ಗುರುತರವಾದುದು. ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಹೋಲಿಸುವುದರಲ್ಲಿ ಕಣ್ಣು ತಪ್ಪುವುದು ಅತ್ಯಲ್ಪವೆಂದು ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮ್ಯಾಕ್‌ಗಿಲ್ 1984ರಲ್ಲಿ ಪ್ರಯೋಗಪೂರ್ವಕವಾಗಿ ತೋರಿಸಿದರು. ಆದರೆ ಸ್ತಂಭದಲ್ಲಿ ಕಣ್ಣು ಉದ್ದವನ್ನೂ ಅಳೆಯುವುದರಿಂದ ಅದು ಸೊನ್ನೆಯಿಂದಲೇ ಹೊರಡಬೇಕು. ಹಿರಿಯೂರಿನ ಸಮೀಪ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವನ್ನು ಉದಾಹರಿಸಬಹುದು. ಅದರ ಪೂರ್ಣಮಟ್ಟ 130 ಅಡಿ. 1933ರಲ್ಲಿ ತುಂಬಿದ ಈ ಜಲಾಶಯ ಮತ್ತೆ ಕೋಡಿ ಬಿದ್ದುದು 89 ವರ್ಷ ಕಳೆದು, 2022ರಲ್ಲಿ. 120 ಅಡಿಯ ವರ್ಷವೊಂದನ್ನು 130 ಅಡಿಯ ವರ್ಷದ ಮಗ್ಗುಲಲ್ಲಿಟ್ಟು ಅಕ್ಷವನ್ನು 100ರಿಂದ ಆರಂಭಿಸಿದರೆ, ಹನ್ನೆರಡಕ್ಕೆ ಹದಿಮೂರರಂತಿರುವ ಅಂತರವು ಎರಡಕ್ಕೆ ಮೂರರಂತೆ ಕಾಣುತ್ತದೆ. ಹೀಗೆ ‘ವೈಲಿಮ್’ನಿಂದ ಅಕ್ಷವನ್ನು ಕತ್ತರಿಸಿದಾಗ, ಆರ್ ಭಾಷೆಯ ಸ್ತಂಭಗಳು ಅಕ್ಷದ ಕೆಳಕ್ಕೂ ಇಳಿದು ಹೆಸರುಗಳ ಮೇಲೆ ಹಾಯುತ್ತವೆ, ‘ಎಕ್ಸ್‌ಪಿಡಿ’ಯನ್ನು ಬದಲಾಯಿಸಿ ಆ ಭಾಗವನ್ನು ಮರೆಮಾಡಬಹುದಾದರೂ, ಆ ವಿಕಾರವನ್ನು ಎಚ್ಚರಿಕೆಯೆಂದೇ ತಿಳಿಯುವುದು ಒಳಿತು.

ಕನ್ನಡದಲ್ಲಿ

ರಾಜ್ಯದಲ್ಲಿ 1988ರಲ್ಲಿ ಸ್ಥಾಪಿತವಾದ ಬರ ಉಸ್ತುವಾರಿ ಕೋಶವು ಮುಂದೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಹೋಬಳಿಯ ಮಟ್ಟದಲ್ಲಿ ಮಳೆಯ ಲೆಕ್ಕ ದೊರೆಯುವಂತಾದ ಮೇಲೆ, ಊರಿನ ಹೆಸರು ಊರಿನ ಲಿಪಿಯಲ್ಲಿಯೇ ಚಿತ್ರದಲ್ಲಿ ಬರಬೇಕೆಂಬುದು ಸಹಜವಾದ ಅಪೇಕ್ಷೆ. ಅಲ್ಲಿ ಮೊದಲು ಎದುರಾಗುವುದು ಕ್ರಮದ ತೊಡಕು. ಯೂನಿಕೋಡಿನ ಸಂಖ್ಯೆಗಳಲ್ಲಿ ಳಕಾರವು ಸಕಾರಕ್ಕಿಂತ ಹಿಂದಿನದು. ನಮ್ಮ ವರ್ಣಮಾಲೆಯಲ್ಲಾದರೋ ಅದು ಕಟ್ಟಕಡೆಯದು. ಬರಿಯ ಸಂಖ್ಯೆಗಳನ್ನು ನೆಚ್ಚಿ ವಿಂಗಡಿಸಿದಲ್ಲಿ ಹೊಳಲ್ಕೆರೆಯು ಹೊಸದುರ್ಗಕ್ಕಿಂತ ಮುಂದೆ ನಿಲ್ಲುತ್ತದೆ. ಆದುದರಿಂದ ವರ್ಗಗಳ ಕ್ರಮವನ್ನು ಕೈಯಾರೆ ನಿರ್ದೇಶಿಸಬೇಕು, ಇಲ್ಲವೇ ಅಂಕಿಗಳ ಇಳಿಕೆಯಂತೆ ಜೋಡಿಸಬೇಕು.

ಎರಡನೆಯದು ಲಿಪಿಯ ತೊಡಕು. ಆರ್‌ನ ಸಾಮಾನ್ಯ ಪಿಡಿಎಫ್ ಸಾಧನಕ್ಕೆ ಕನ್ನಡ ತಿಳಿಯದು. ಅದರ ಹಳೆಯ ಆವೃತ್ತಿಗಳು ತಿಳಿಯದ ಅಕ್ಷರದ ಪ್ರತಿಯೊಂದು ಬೈಟಿಗೂ ಒಂದು ಚುಕ್ಕಿಯನ್ನಿಡುತ್ತಿದ್ದುದರಿಂದ, ಏಳು ಸಂಕೇತಗಳ ‘ರಾಮಗಿರಿ’ಯು 21 ಚುಕ್ಕಿಗಳ ಸಾಲಾಗುತ್ತಿತ್ತು. ಲಿಪಿ ಬಂದರೂ ಅದನ್ನು ಕೂಡಿಸುವ ತಂತ್ರಾಂಶವಿಲ್ಲದಿದ್ದರೆ ಚಿತ್ರದುರ್ಗದ ಅರ್ಕಾವತ್ತು ಬೇರ್ಪಡುತ್ತದೆ. ಒತ್ತಕ್ಷರವೊಂದೂ ಇಲ್ಲದ ರಾಮಗಿರಿಯಲ್ಲಿಯೂ ಗುಡಿಸು ಗಕಾರದ ತಲೆಗೇರದೆ ಪಕ್ಕದಲ್ಲಿ ಬೀಳುತ್ತದೆ. ಪ್ಯಾಂಗೋ ತಂತ್ರಾಂಶವನ್ನು ಆಶ್ರಯಿಸಿದ ಕೈರೋ ಸಾಧನವನ್ನು ಆರಿಸಿ, ಕನ್ನಡ ಅಕ್ಷರವಿನ್ಯಾಸದ ಹೆಸರನ್ನು ಸೂಚಿಸಿದಾಗ ಈ ದೋಷ ನೀಗುತ್ತದೆ. ಪ್ಲೇಫೇರನ ಕಾಲದಲ್ಲಿ ತಾಮ್ರದ ತಗಡಿನ ಮೇಲೆ ಕೊರೆಯುವವನು ಪಟ್ಟಿಯ ಪಕ್ಕದಲ್ಲಿಯೇ ನಾಡಿನ ಹೆಸರನ್ನೂ ಕೊರೆದುಬಿಡುತ್ತಿದ್ದನು; ಅವನ ಉಳಿಗೆ ಯಾವ ಲಿಪಿಯೂ ಪರಕೀಯವಾಗಿರಲಿಲ್ಲ. ಗಣಕವು ಆ ಸುಲಭವಾದ ಕೆಲಸವನ್ನು ಕನ್ನಡಕ್ಕಾಗಿ ಮತ್ತೆ ಕಲಿಯಬೇಕಾಯಿತು.