ಹಿನ್ನೀರು: ಒಂದು ಮಾತಿನ ಹಿಂದೆ ಮುಂದೆ

ಮೈಸೂರು ಜಿಲ್ಲೆಯ ಪಶ್ಚಿಮದ ಸೀಮೆಯಲ್ಲಿ ಇಂಗ್ಲಿಷ್ ಕಲಿಯದವರೂ ಸಲೀಸಾಗಿ ಆಡುವ ಮಾತುಗಳಲ್ಲಿ ‘ಬ್ಯಾಕ್‌ವಾಟರ್’ ಒಂದು. ಅದಕ್ಕೆ ಕಾರಣವೂ ಉಂಟು. ಪಿರಿಯಾಪಟ್ಟಣದ ಅಂಚನ್ನು ಹಾದು ಕೃಷ್ಣರಾಜನಗರಕ್ಕೆ ಬರುವ ಕಾವೇರಿ, ಹುಣಸೂರಿನ ಲಕ್ಷ್ಮಣತೀರ್ಥ, ಇವೆರಡೂ ಕನ್ನಂಬಾಡಿ ಕಟ್ಟೆಯ ನೀರನ್ನು ಸೇರುತ್ತವೆ. ಹೆಗ್ಗಡದೇವನಕೋಟೆ ಸೀಮೆಯಲ್ಲಂತೂ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳು.

ಇಂಗ್ಲಿಷಿನಲ್ಲಿ ಈ ಜೋಡುಪದ ಹದಿನಾಲ್ಕನೆಯ ಶತಮಾನದ ಕೊನೆಯಷ್ಟು ಹಳೆಯದು. ಆಗ ಅದರ ಅರ್ಥ, ಕಟ್ಟೆಯ ಹಿಂದೆ ನಿಂತ ನೀರು ಎಂದಷ್ಟೆ. ಮುಂದೆ ಹೊಳೆಯ ಪಕ್ಕದಲ್ಲಿ ಹರಿವಿಲ್ಲದೆ ನಿಂತ ನೀರಿಗೂ ಅದೇ ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ, ಲೋಕದ ಸುದ್ದಿ ಮುಟ್ಟದ ಜಡವಾದ ಮೂಲೆ ಎಂಬ ತಿರಸ್ಕಾರದ ಅರ್ಥವೂ ಅಂಟಿಕೊಂಡಿತು. ಕೇರಳದ ಕಾಯಲುಗಳಿಗೆ ಇಂಗ್ಲಿಷರು ಇದೇ ಪದವನ್ನು ಬಳಸಿದರು. ಅಲ್ಲಿ ಕಟ್ಟೆಯೇ ಇಲ್ಲ, ಹಿಂದಿರುವುದು ಕಡಲಿನ ಹಿಂದೆ!

ಕನ್ನಡದ ‘ಹಿನ್ನೀರು’ ಹಿನ್ನೆಲೆ, ಹಿನ್ನಡೆಗಳ ಬಳಗದ ಮಾತು. ಅದು ನೀರು ಇರುವ ಜಾಗವನ್ನು ಹೇಳುತ್ತದೆ, ಊರನ್ನು ಹಳಿಯುವುದಿಲ್ಲ. ಆದರೆ ‘ಹಿಂದುಳಿದ’ ಎಂಬ ಇನ್ನೊಂದು ಮಾತು ಅದೇ ‘ಹಿಂ’ ಹಿಡಿದು ಕೋಟೆ ಸೀಮೆಯ ಬೆನ್ನು ಹತ್ತಿದೆ. ಇಂಗ್ಲಿಷಿನಲ್ಲಿ ಒಂದೇ ಪದ ಹೊತ್ತ ಎರಡು ಅರ್ಥಗಳನ್ನು ಇಲ್ಲಿನ ಜನ ಎರಡು ಪದಗಳಲ್ಲಿ ಅನುಭವಿಸುತ್ತಿದ್ದಾರೆ.

ಆದರೆ ಈ ಸೀಮೆ ಎಂದಿನಿಂದ ಹಿಂದಾಯಿತು? ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದರೆ ಕಬಿನಿ ದಡದ ಕಿತ್ತೂರೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಕ್ರಿ. ಶ. ಎರಡನೆಯ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ಬೆರಿಲ್ ರತ್ನ ದೊರೆಯುವ ಸ್ಥಳವೆಂದು ಹೇಳಿದ ‘ಪೌನ್ನಾಟ’ ಇದೇ ನಾಡೆಂಬುದು ವಿದ್ವಾಂಸರ ಅಭಿಪ್ರಾಯ. ಪುನ್ನಾಟದ ರಾಜಕುಮಾರಿ ಗಂಗರ ಅವಿನೀತನ ಕೈಹಿಡಿದಳು; ಅವರ ಮಗ ದುರ್ವಿನೀತ. ಕವಿರಾಜಮಾರ್ಗ ಹೆಸರಿಸುವ ಗದ್ಯಕಾರ ದುರ್ವಿನೀತ ಈ ದೊರೆಯೇ ಎಂದು ಹಲವರು ನಂಬುತ್ತಾರೆ.

1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿಯಿತು. ಸುಮಾರು 19.5 ಟಿ.ಎಂ.ಸಿ. ನೀರು ನಿಲ್ಲುವ ಜಾಗದಲ್ಲಿ ಆ ಹಳೆಯ ದಡಗಳು, ಹಳ್ಳಿಗಳು, 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ಕಾಡಿನ ಭಾಗ, ಎಲ್ಲವೂ ಮುಳುಗಿದವು. ನಾಲೆ ಹರಿದದ್ದು ಹೆಚ್ಚಾಗಿ ಕೆಳಗಣ ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಗೆ. ಬೇಸಿಗೆಯಲ್ಲಿ ನೀರು ಸರಿದಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಆನೆಗಳು ಮೇಯಲು ಬರುತ್ತವೆ, ಪ್ರವಾಸಿಗರು ಅವನ್ನು ನೋಡಲು ಬರುತ್ತಾರೆ. ನೆಲ ಬಿಟ್ಟೆದ್ದವರ ಲೆಕ್ಕ ಅಲ್ಲಿ ಯಾರಿಗೂ ಕಾಣುವುದಿಲ್ಲ.

ಪದಕೋಶಗಳಲ್ಲಿ ‘ಹಿನ್ನೀರು’ ಎಂಬುದಕ್ಕೆ ಕಟ್ಟೆಯ ಹಿಂದೆ ನಿಂತ ನೀರು ಎಂಬ ಅರ್ಥ ಸಾಕು ನಿಜ. ಆದರೆ ಇತಿಹಾಸ ಓದುವ ನನಗೆ ಅದು ಸಾಲದು. ಕಟ್ಟೆಯ ಮುಂದೆ ಹಸುರಾದವರು ಆ ನೀರಿನ ಕೆಳಗೆ ಯಾರ ಊರು, ಯಾರ ಗದ್ದೆ ಇತ್ತು ಎಂದು ತಿಳಿದಿರಬೇಕು. ಹಾಗೆ ತಿಳಿದವರು ಆ ಸೀಮೆಯನ್ನು ‘ಹಿಂದುಳಿದದ್ದು’ ಎಂದು ಕರೆಯುವ ಮುನ್ನ ಒಮ್ಮೆ ತಡೆದು ಯೋಚಿಸಿಯಾರು.